ಪ್ಲೇಗು ಕಟ್ಟಿಸಿದ ಬಡಾವಣೆ

ಸುಗಟೂರು, ಕೋಲಾರದ ಕಡೆಯಿಂದ ಬೆಂಗಳೂರಿಗೆ ಪ್ರವಾಸ ಹೋಗುವ ಶಾಲಾ ಮಕ್ಕಳು ಸಾಮಾನ್ಯವಾಗಿ ಬಸವನಗುಡಿಯ ದೊಡ್ಡ ಬಸವಣ್ಣನನ್ನು ನೋಡಿಯೇ ಬರುತ್ತಾರೆ. ಗುಡಿಯ ಪಕ್ಕದಲ್ಲೇ ಬ್ಯೂಗಲ್ ರಾಕ್ ಉದ್ಯಾನ. ಸುತ್ತಲೂ ಅಗಲವಾದ ರಸ್ತೆಗಳು, ಸಾಲುಮರಗಳು, ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ. ಇಷ್ಟು ಅಚ್ಚುಕಟ್ಟಾದ ಬಡಾವಣೆ ಬೆಳೆದದ್ದು ಸಾವಿನ ಭಯದಿಂದ ಎಂದರೆ ನಂಬುವಿರಾ?

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸಾವಿರಾರು ಜನ ಸತ್ತರು. ಇಕ್ಕಟ್ಟಾದ ಪೇಟೆಯ ಮನೆಗಳನ್ನು ತೊರೆದು ಅನೇಕರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಆ ಹಾವಳಿಯ ಹಿನ್ನೆಲೆಯಲ್ಲೇ ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರಂ ತಲೆಯೆತ್ತಿದವು. ನೇರವಾದ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂಬದಿಯಲ್ಲಿ ಕಕ್ಕಸು ಶುಚಿ ಮಾಡುವವರಿಗೆಂದು ಬೇರೆ ಓಣಿ. ಬಡಾವಣೆಯ ಆರೋಗ್ಯ ಆ ಓಣಿಯಲ್ಲಿ ನಡೆದವರ ದುಡಿಮೆಯ ಮೇಲೂ ನಿಂತಿತ್ತು ಎಂಬುದನ್ನು ಮರೆಯಬಾರದು.

ಪ್ಲೇಗಿಗೆ ಕೆಟ್ಟ ಗಾಳಿಯೇ ಕಾರಣವೆಂದು ಆಗ ಹಲವರು ನಂಬಿದ್ದರು. ಆದರೆ ಅದರ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. ಇಲಿಯಿಂದ ಮನುಷ್ಯನಿಗೆ ರೋಗವನ್ನು ದಾಟಿಸುವುದು ಚಿಗಟ ಎಂದು ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಕಾರಣ ಪೂರ್ತಿ ತಿಳಿಯದಿದ್ದರೂ ಪರಿಹಾರ ಸರಿಯಾದ ದಿಕ್ಕಿನಲ್ಲಿತ್ತು: ಬಿಡಿಬಿಡಿಯಾದ ಶುಚಿ ಮನೆಗಳಲ್ಲಿ ಇಲಿಗೆ ಅಡಗುತಾಣ ಕಡಿಮೆ.

ಉದ್ಯಾನದ ಬಂಡೆಯೂ ಒಂದು ಪಾಠವೇ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅದರ ಮಗ್ಗುಲಲ್ಲಿ ಕೋಲಾರ ಸೀಮೆಯ ಇಬ್ಬರು ಹಿರಿಯರು ಬಾಳಿದರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಈಗ ಅವರ ಪ್ರತಿಮೆ ಉದ್ಯಾನದಲ್ಲಿದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆ ಹತ್ತಿರದ ಗವಿಪುರದಲ್ಲಿತ್ತು.

ಇಂದು ಇಲ್ಲಿ ಹಳೆಯ ಮನೆಗಳು ಉರುಳಿ, ಅಂಗಳಗಳ ಮೇಲೆ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಗಾಳಿಯಾಡುವ ಜಾಗದ ಬೆಲೆಯನ್ನು 2020ರ ಕೊರೊನಾ ಮತ್ತೊಮ್ಮೆ ತಿಳಿಸಿತು. ಮುಂದಿನ ಪ್ರವಾಸದಲ್ಲಿ ಬಸವಣ್ಣನಿಗೆ ಕೈಮುಗಿದ ಮೇಲೆ ಮಕ್ಕಳು ಈ ಬೀದಿಗಳಲ್ಲಿ ಹತ್ತು ನಿಮಿಷ ನಡೆಯಲಿ. ಊರಿಗೆ ಮರಳಿ ತಮ್ಮ ಬೀದಿಯನ್ನೂ ಅಳೆದು ನೋಡಲಿ: ಬಿಸಿಲು ಬೀಳುತ್ತದೆಯೇ, ಚರಂಡಿ ಹರಿಯುತ್ತದೆಯೇ, ಆಡಲು ಬಯಲು ಉಳಿದಿದೆಯೇ? ಅದಕ್ಕೆ ಪ್ಲೇಗು ಬರುವವರೆಗೆ ಕಾಯಬೇಕಿಲ್ಲ.