ಹಳೆಯ ಔಷಧಿ ಚೀಟಿಯನ್ನು ಎಸೆಯಬೇಡಿ

ಕಾರವಾರ, ಅಂಕೋಲಾದ ಮನೆಗಳಲ್ಲಿ ದೊಡ್ಡ ಕಾಯಿಲೆ ಎಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೊರಡುವುದು ವಾಡಿಕೆ. ಚಿಕಿತ್ಸೆ ಒಂದು ಊರಿನಲ್ಲಿ, ತಪಾಸಣೆ ಇನ್ನೊಂದು ಊರಿನಲ್ಲಿ. ನಡುವೆ ಚೀಟಿಗಳು ಕಳೆದುಹೋಗುತ್ತವೆ. ಹತ್ತು ವರ್ಷಗಳ ಹಿಂದೆ ಯಾವ ಮಾತ್ರೆ ನುಂಗಿದಿರಿ ಎಂದು ವೈದ್ಯರು ಕೇಳಿದರೆ, "ಸಣ್ಣ ಬಿಳಿ ಮಾತ್ರೆ" ಎಂಬುದಷ್ಟೇ ನಮ್ಮ ಉತ್ತರ. ಅದು ಹಾರ್ಮೋನ್ ಮಾತ್ರೆಯಾಗಿದ್ದರೆ ಈ ಉತ್ತರ ಸಾಲದು.

ಹಾರ್ಮೋನ್ ಔಷಧಿಯ ಪರಿಣಾಮ ಬಹುಕಾಲದ ನಂತರವೂ ಕಾಣಿಸಿಕೊಳ್ಳಬಹುದು. ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ 1938ರಲ್ಲಿ ತಯಾರಾಯಿತು. ಗರ್ಭಪಾತ ತಡೆಯಲೆಂದು ಅಮೆರಿಕದಲ್ಲಿ ಅದನ್ನು ಗರ್ಭಿಣಿಯರಿಗೆ ಕೊಡುತ್ತಿದ್ದರು. ಅದರಿಂದ ಪ್ರಯೋಜನವಿಲ್ಲವೆಂದು 1953ರಲ್ಲೇ ತಿಳಿದರೂ ಬಳಕೆ ನಿಲ್ಲಲಿಲ್ಲ. ಹದಿಹರೆಯದ ಹುಡುಗಿಯರಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಂಡುಬಂದುದನ್ನು ಬೋಸ್ಟನ್‌ನ ವೈದ್ಯರು 1971ರಲ್ಲಿ ವರದಿ ಮಾಡಿದರು. ಅವರಲ್ಲಿ ಹೆಚ್ಚಿನವರ ತಾಯಂದಿರು ಗರ್ಭಿಣಿಯಾಗಿದ್ದಾಗ ಆ ಔಷಧಿ ಸೇವಿಸಿದ್ದರು. ತಾಯಿ ನುಂಗಿದ್ದು ಮಗಳಿಗೆ ಮುಟ್ಟಿತ್ತು.

ಮುಟ್ಟು ನಿಂತ ಮೇಲಿನ ಬಿಸಿಯುಬ್ಬರಕ್ಕೆ ಕೊಡುವ ಮಾತ್ರೆಗಳದ್ದು ಬೇರೆ ಕಥೆ. ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆದ ಅಧ್ಯಯನವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಜೊತೆಯಾಗಿ ಸೇವಿಸಿದವರಲ್ಲಿ ವರ್ಷಕ್ಕೆ 10,000 ಮಂದಿಯಲ್ಲಿ 38 ಮಂದಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಸೇವಿಸದವರಲ್ಲಿ 30 ಮಂದಿಗೆ. ಹಲವು ವರ್ಷ ಸೇವಿಸಿದವರಲ್ಲಿ ಮಾತ್ರೆ ಬಿಟ್ಟು ಹತ್ತು ವರ್ಷಗಳಾದರೂ ಅಪಾಯ ಸ್ವಲ್ಪ ಉಳಿಯುತ್ತದೆಂದು 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತಿಳಿಸಿತು. ಒಂದು ವರ್ಷಕ್ಕಿಂತ ಕಡಿಮೆ ಸೇವಿಸಿದವರಲ್ಲಿ ಅಪಾಯ ತೀರಾ ಕಡಿಮೆ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ಬಹುಕಾಲ ಸೇವಿಸಿದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಧ್ಯತೆ ಹೆಚ್ಚುತ್ತದೆ.

ಹಾಗೆಂದು ಗಾಬರಿಪಡಬೇಕಿಲ್ಲ. ಹಾರ್ಮೋನ್ ಸೇವಿಸಿದ ಬಹುಪಾಲು ಮಹಿಳೆಯರಿಗೆ ಅದರಿಂದ ಕ್ಯಾನ್ಸರ್ ಬರುವುದಿಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ಸ್ವತಃ ನಿಲ್ಲಿಸಲೂಬಾರದು. ಹಜ್ಜ್ ಯಾತ್ರೆಯಲ್ಲಿ ಮುಟ್ಟು ಮುಂದೂಡಲು ಕೆಲವು ದಿನ ಸೇವಿಸುವ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವ ಚಿಕಿತ್ಸೆಗೆ ಹೋಲಿಸಲಾಗದು. ಆದರೂ ಅಂಗಡಿಯಿಂದ ನೇರವಾಗಿ ತರಿಸಿ ನುಂಗಬೇಡಿ. ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದವರಿಗೆ ಅದು ಅಪಾಯಕಾರಿ.

ಮಾಡಬೇಕಾದುದು ಇಷ್ಟೇ. ಔಷಧಿಯ ಹೆಸರು, ವರ್ಷ, ಎಷ್ಟು ತಿಂಗಳು ಸೇವಿಸಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಗರ್ಭಕೋಶ ತೆಗೆಸಿದ್ದರೆ, ಅಂಡಾಶಯವನ್ನೂ ತೆಗೆದರೇ ಎಂದು ಕೇಳಿ ಬರೆದುಕೊಳ್ಳಿ. ಮುಟ್ಟು ನಿಂತ ನಂತರ ಒಂದು ಹನಿ ರಕ್ತ ಕಂಡರೂ, ಸ್ತನದಲ್ಲಿ ನೋವಿಲ್ಲದ ಗಂಟು ಸಿಕ್ಕಿದರೂ ತಡಮಾಡಬೇಡಿ. ಅಂಕೋಲಾದ ತಾಲೂಕು ಆಸ್ಪತ್ರೆಯಲ್ಲೋ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಮೊದಲು ತೋರಿಸಿ. ಸಂಕೋಚವಿದ್ದರೆ ಮಹಿಳಾ ವೈದ್ಯರನ್ನೇ ಕೇಳಿ.

ಎಷ್ಟೋ ತಾಯಂದಿರು ಮನೆಯವರಿಗೆಲ್ಲ ಔಷಧಿ ಕೊಟ್ಟು ತಮ್ಮ ನೋವನ್ನು ಮಾತ್ರ ಮುಚ್ಚಿಡುತ್ತಾರೆ. ಇದು ಸಹನೆಯಲ್ಲ. ಶರೀರವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಅದರ ಲೆಕ್ಕವನ್ನು ಬರೆದಿಡುವುದೂ ಆ ಅಮಾನತ್‌ನ ರಕ್ಷಣೆಯೇ.