ಹವ್ಯಾಸದ ಯಂತ್ರಕ್ಕೊಂದು ನಿಯಂತ್ರಕ

ಗಣಕದ ಆಜ್ಞೆಯಂತೆ ಮರವನ್ನು ಕೆತ್ತುವ ಸಿ.ಎನ್.ಸಿ. ಯಂತ್ರವು ಕಾರ್ಖಾನೆಯಿಂದ ಮಹಾನಗರದ ಫ್ಲ್ಯಾಟಿನ ಮೇಜಿಗೂ ಬಂದಿದೆ. ಅದರ ಮೋಟಾರುಗಳನ್ನು ನಡೆಸುವ ಕಂಟ್ರೋಲರ್, ಅರ್ಥಾತ್ ನಿಯಂತ್ರಕ, ಯಾವುದಿರಬೇಕೆಂಬುದು ಹವ್ಯಾಸಿಯ ಮೊದಲ ಪ್ರಶ್ನೆ. ಬೆಲೆಪಟ್ಟಿಗಿಂತ ಮುಂಚೆ ಅಗತ್ಯದ ಲೆಕ್ಕ ಹಾಕುವುದು ಜಾಣತನ.

ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಯನ್ನೂ 16 ಪಾಲು ಮಾಡಿದರೆ 3,200 ಆಯಿತು. ಆ ಒಂದು ಸುತ್ತಿಗೆ ಯಂತ್ರವು 8 ಮಿ.ಮೀ. ಸರಿಯುವುದಾದರೆ, ಪ್ರತಿ ಮಿ.ಮೀ.ಗೆ 400 ವಿದ್ಯುತ್ ಮಿಡಿತಗಳು ಬೇಕು. ಆರ್ಡುಯಿನೊ ಉನೊ ಎಂಬ ಅಗ್ಗದ ಫಲಕದಲ್ಲಿ ನಡೆಯುವ ಉಚಿತ ತಂತ್ರಾಂಶ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಮಿಡಿತ ನೀಡಬಲ್ಲುದು. ಎಂದರೆ 75 ಮಿ.ಮೀ. ವೇಗ. ಮೂರು ಅಕ್ಷಗಳ ಸಣ್ಣ ಯಂತ್ರಕ್ಕೆ ಇದು ಧಾರಾಳ. ನಾಲ್ಕನೆಯ ಅಕ್ಷ ಬೇಕಾದಾಗ 32 ಬಿಟ್ ಫಲಕವನ್ನೋ ಲಿನಕ್ಸ್‌ಸಿಎನ್‌ಸಿಯನ್ನೋ ಪರಿಶೀಲಿಸಬಹುದು.

ಆದರೆ ಸುರಕ್ಷತೆಯಲ್ಲಿ ಉಳಿತಾಯ ಸಲ್ಲದು. ತುರ್ತು ನಿಲುಗಡೆಯ ಕೆಂಪು ಗುಂಡಿಯು ನಿಯಂತ್ರಕಕ್ಕೆ ಸೂಚನೆ ಕಳುಹಿಸಿದರೆ ಸಾಲದು. ನಿಯಂತ್ರಕವೇ ಕೆಟ್ಟಾಗಲೂ ಅದು ಕೆತ್ತುವ ಮೋಟಾರಿನ ವಿದ್ಯುತ್ತನ್ನು ನೇರವಾಗಿ ಕಡಿಯಬೇಕು. ಆ ಬಳಿಕವೂ ಉಳಿ ಪೂರ್ಣ ನಿಲ್ಲುವ ತನಕ ಕೈ ಹಾಕಕೂಡದು.

ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 1995ರ ಸಂಪುಟ ಸಾರಿದೆ. ಶೀತಕ ದ್ರವಕ್ಕೆಂದು ಜಿಆರ್‌ಬಿಎಲ್‌ನಲ್ಲಿರುವ ಸಂಪರ್ಕಕ್ಕೆ ರಿಲೇ ಮೂಲಕ ಧೂಳು ಹೀರುವ ಯಂತ್ರವನ್ನು ಜೋಡಿಸಿದರೆ, ಕೆತ್ತನೆಯ ಆದೇಶದೊಡನೆಯೇ ಅದನ್ನೂ ಚಾಲೂ ಮಾಡಬಹುದು. ಮಕ್ಕಳೂ ವೃದ್ಧರೂ ಅದೇ ಗಾಳಿಯನ್ನು ಉಸಿರಾಡುವ ಎರಡು ಕೋಣೆಗಳ ಮನೆಯಲ್ಲಿ, ನಿಯಂತ್ರಕವನ್ನು ಆರಿಸುವಾಗ ಈ ಸೌಕರ್ಯ ಇದೆಯೇ ಎಂದು ಮೊದಲು ಕೇಳುವುದು ಲೇಸು.