ಹೊಸ ಫೋನು, ಸೊಟ್ಟ ಮಟ್ಟ

2013ರ ಸೆಪ್ಟೆಂಬರ್ 20ರಂದು ಐಫೋನ್ 5ಎಸ್ ಅಮೆರಿಕ ಮೊದಲಾದ ಕೆಲವು ದೇಶಗಳಲ್ಲಿ ಮಾರಾಟಕ್ಕೆ ಬಂತು. ಕೆಲವೇ ದಿನಗಳಲ್ಲಿ ಕೊಂಡವರ ತಕರಾರು ಶುರುವಾಯಿತು. ಮೇಜಿನ ಮೇಲೆ ಇಟ್ಟು ಮಟ್ಟ ನೋಡಿದರೆ ಎರಡು-ಮೂರು ಡಿಗ್ರಿ ವಾಲಿದೆ ಎನ್ನುತ್ತಿತ್ತು. ಅದೇ ಜಾಗದಲ್ಲಿ ಹಳೆಯ ಐಫೋನ್ 5 ಇಟ್ಟರೆ ಮೇಜು ಸರಿಯಾಗಿಯೇ ಇತ್ತು. ಫೋನನ್ನೇ ಸ್ಟೇರಿಂಗಿನಂತೆ ಹಿಡಿದು ಆಡುವ ಆಟಗಳಲ್ಲಿ ಕಾರು ತಾನಾಗಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು.

ಬಿಚ್ಚಿ ನೋಡಿದವರಿಗೆ ಒಂದು ಬದಲಾವಣೆ ಕಂಡಿತು. ಹಿಂದಿನ ಮಾದರಿಗಳಲ್ಲಿ ವಾಲುವಿಕೆ ಅಳೆಯಲು ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ಕಂಪನಿಯ ಚಿಪ್ಪು ಇರುತ್ತಿತ್ತು. ಇದರಲ್ಲಿ ಬಾಷ್ ಸೆನ್ಸರ್‌ಟೆಕ್ ಕಂಪನಿಯದು ಇತ್ತು. ಎರಡೂ ಒಳ್ಳೆಯ ಕಂಪನಿಗಳೇ. ಆದರೆ ಚಿಪ್ಪಿನ ಜೊತೆ ಕೊಡುವ ವಿವರಪಟ್ಟಿ ಓದಿದರೆ, ಮೊದಲಿನದರಲ್ಲಿ ಸೊನ್ನೆಯ ತಪ್ಪು, ಅಂದರೆ ವಾಲದಿದ್ದಾಗಲೂ ತೋರುವ ಅಂಕಿ, ಗುರುತ್ವದ ಸಾವಿರ ಪಾಲಿನಲ್ಲಿ 20ರಷ್ಟು ಆಚೀಚೆ ಇರಬಹುದು ಎಂದಿತ್ತು, ಹೊಸದರಲ್ಲಿ 95ರಷ್ಟು. ಇದನ್ನು ವಾಲುವಿಕೆಗೆ ತಿರುಗಿಸಿ ಹೇಳಿದರೆ, ಮೊದಲಿನದು ಒಂದು ಡಿಗ್ರಿಗಿಂತ ತುಸು ಹೆಚ್ಚು, ಎರಡನೆಯದು ಐದೂವರೆ ಡಿಗ್ರಿಯ ತನಕ. ಅಕ್ಟೋಬರ್ 22ರಂದು ಆಪಲ್ ಕಂಪನಿ ಐಒಎಸ್ 7.0.3 ಬಿಟ್ಟಿತು, ಅದರ ತಿದ್ದುಪಡಿಗಳಲ್ಲಿ ಈ ಸೊಟ್ಟ ಮಟ್ಟದ್ದೂ ಒಂದು. ಭಾರತದಲ್ಲಿ ಆ ಫೋನು ಮಾರಾಟಕ್ಕೆ ಬಂದದ್ದು ನವೆಂಬರ್ 1ಕ್ಕೆ. ಹಾಗಾಗಿ ನಮ್ಮವರಿಗೆ ಮದ್ದು ಮೊದಲು ಬಂತು, ರೋಗ ಆಮೇಲೆ.

ಒಳಗಿನ ಚಿಪ್ಪು ಬದಲಾಗಲಿಲ್ಲ, ಫೋನು ಮಾತ್ರ ಸರಿಹೋಯಿತು. ಇದು ಹೇಗೆ ಸಾಧ್ಯ? ಚಿಕ್ಕೋಡಿಯ ಅಂಗಡಿಯಲ್ಲಿ ನಿನ್ನೆ ಕೊಂಡ ಹತ್ತು ಸಾವಿರದ ಫೋನು ಇಂದು ಮಟ್ಟ ಸೊಟ್ಟ ತೋರಿಸಿದರೆ, ಅದು ಹಾಳಾಗಿದೆ ಎಂದು ವಾಪಸ್ ಒಯ್ಯುವ ಮೊದಲು ಇದಕ್ಕೆ ಉತ್ತರ ಗೊತ್ತಿರಬೇಕು.

ಫೋನಿನೊಳಗೆ ನೀರಿನ ಗುಳ್ಳೆ ಇಲ್ಲ, ತೂಗುಗುಂಡೂ ಇಲ್ಲ. ಇರುವುದು ಅಕ್ಸೆಲೆರೊಮೀಟರ್ ಎಂಬ ಚಿಪ್ಪು, ಎಳ್ಳುಕಾಳಿನಷ್ಟೇ ಚಿಕ್ಕದು. ಅದರಲ್ಲಿ ಸಿಲಿಕಾನಿನ ಒಂದು ಪುಟ್ಟ ತುಂಡು, ಅದೇ ಸಿಲಿಕಾನಿನಲ್ಲಿ ಕೊರೆದ ತೆಳುವಾದ ಸ್ಪ್ರಿಂಗುಗಳ ಮೇಲೆ ತೇಲುವಂತೆ ನಿಂತಿರುತ್ತದೆ. ಆ ತುಂಡಿನ ಎರಡೂ ಬದಿಗೆ ಹಣಿಗೆಯ ಹಲ್ಲಿನಂಥ ಎಳೆಗಳು. ಆ ಹಲ್ಲುಗಳ ನಡುವೆ, ತಾಗದ ಹಾಗೆ, ಕದಲದ ಇನ್ನೊಂದು ಸಾಲು ಹಲ್ಲುಗಳು. ಫೋನು ವಾಲಿದರೆ ಗುರುತ್ವ ಆ ತುಂಡನ್ನು ಎಳೆಯುತ್ತದೆ, ಹಲ್ಲುಗಳ ನಡುವಿನ ಸಂದು ನ್ಯಾನೊಮೀಟರ್ ಲೆಕ್ಕದಲ್ಲಿ ಹೆಚ್ಚು ಕಡಿಮೆಯಾಗುತ್ತದೆ, ಅಲ್ಲಿ ಹಿಡಿದಿಡುವ ವಿದ್ಯುತ್ತಿನ ಪ್ರಮಾಣ ಬದಲಾಗುತ್ತದೆ. ಇಂಥ ಅಳತೆ ಮೂರು ದಿಕ್ಕಿಗೂ ಇರುತ್ತದೆ. ಮೂರು ಅಂಕಿ ಸಿಕ್ಕಿದರೆ ವಾಲಿದ್ದು ಎಷ್ಟು, ಯಾವ ಕಡೆಗೆ ಎಂಬುದು ಬರೀ ತ್ರಿಕೋನಮಿತಿ.

ತೊಡಕು ಇರುವುದು ಸೊನ್ನೆಯಲ್ಲಿ. ಎರಡು ಚಿಪ್ಪು ಒಂದೇ ತೆರನಾಗಿ ತಯಾರಾಗುವುದಿಲ್ಲ. ಸ್ಪ್ರಿಂಗು ಕೂದಲೆಳೆಯ ಸಾವಿರದ ಪಾಲು ಆಚೀಚೆ ಆದರೂ ತುಂಡು ನಡುವೆ ನಿಲ್ಲುವುದಿಲ್ಲ. ಆಮೇಲೆ ಅದನ್ನು ಬೋರ್ಡಿಗೆ ಬೆಸುಗೆ ಹಾಕುವಾಗಿನ ಕಾವು, ಬೆಸುಗೆ ಆರುವಾಗಿನ ಸೆಳೆತ, ಬೋರ್ಡನ್ನು ಸ್ಕ್ರೂ ಬಿಗಿದು ಕೂರಿಸಿದಾಗಿನ ಒತ್ತಡ, ಎಲ್ಲವೂ ಆ ಸೊನ್ನೆಯನ್ನು ತುಸು ತುಸು ಸರಿಸುತ್ತವೆ. ಅಥಣಿಯ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಮೇಲೆ ಕಾದ ಫೋನೂ ಅಷ್ಟಿಷ್ಟು ಸರಿಯುತ್ತದೆ. ಖಾಲಿ ತಕ್ಕಡಿಯ ಒಂದು ತಟ್ಟೆ ಕೆಳಗೆ ಬಾಗಿದ್ದರೆ ವ್ಯಾಪಾರಿ ಇನ್ನೊಂದು ತಟ್ಟೆಗೆ ಸಣ್ಣ ಕಲ್ಲು ಕಟ್ಟಿ ಸರಿದೂಗಿಸುತ್ತಾನಲ್ಲ, ಕಾರ್ಖಾನೆಯವರು ಮಾಡುವುದೂ ಅದನ್ನೇ: ಪ್ರತಿ ಫೋನಿನ ತಪ್ಪನ್ನು ಅಳೆದು, ಕಳೆಯಬೇಕಾದ ಅಂಕಿಯನ್ನು ಅದರ ನೆನಪಿಗೆ ಹಾಕುತ್ತಾರೆ. 2013ರ ತಿದ್ದುಪಡಿ ಇಂಥ ಲೆಕ್ಕದ್ದು, ಅದಕ್ಕೇ ಚಿಪ್ಪು ಬದಲಿಸದೆ ಕೆಲಸ ಆಯಿತು.

ಅಂದರೆ ಮಟ್ಟ ಯಾವುದು ಎಂದು ಫೋನಿಗೆ ತಾನಾಗಿ ಗೊತ್ತಿಲ್ಲ. ಯಾರೋ ಹೇಳಿಕೊಟ್ಟದ್ದನ್ನು ಅದು ಒಪ್ಪಿಕೊಂಡಿರುತ್ತದೆ. ಹೇಳಿಕೊಟ್ಟದ್ದೇ ತಪ್ಪಿದ್ದರೆ?

ನಿಪ್ಪಾಣಿ ಕಡೆಯ ಅನುಭವಸ್ಥ ಗೌಂಡಿ ಹೊಸ ಸ್ಪಿರಿಟ್ ಲೆವೆಲ್ ಕೈಗೆ ಬಂದರೆ ಮೊದಲು ಏನು ಮಾಡುತ್ತಾನೆ ನೋಡಿ. ಹೊಸ್ತಿಲ ಮೇಲೆ ಅದನ್ನು ಇಟ್ಟು ಗುಳ್ಳೆ ಎಲ್ಲಿ ನಿಂತಿತು ಎಂದು ಗುರುತು ಮಾಡುತ್ತಾನೆ. ಆಮೇಲೆ ಎಡದ ತುದಿ ಬಲಕ್ಕೆ ಬರುವಂತೆ ಅದೇ ಜಾಗದಲ್ಲಿ ತಿರುಗಿಸಿ ಇಡುತ್ತಾನೆ. ಗುಳ್ಳೆ ಹೊಸ್ತಿಲಿನ ಅದೇ ಮಗ್ಗುಲಿಗೆ ಅಷ್ಟೇ ಸರಿದು ನಿಂತರೆ ಹೊಸ್ತಿಲು ಸೊಟ್ಟ, ಲೆವೆಲ್ ನೆಟ್ಟಗಿದೆ. ಲೆವೆಲ್ ಜೊತೆಗೇ ಗುಳ್ಳೆಯೂ ಬದಿ ಬದಲಿಸಿದರೆ ಲೆವೆಲ್ಲೇ ಸೊಟ್ಟ. ‘ಮೊದಲ ಮಟ್ಟದ್ದ ಮಟ್ಟಾ ನೋಡಬೇಕ್ರಿ’ ಎನ್ನುವ ಈ ಕಸಬಿನ ಜಾಣತನ ಸರ್ವೆ ಇಲಾಖೆಯ ದೊಡ್ಡ ಉಪಕರಣಗಳಿಗೂ ಅನ್ವಯಿಸುತ್ತದೆ. ನನ್ನ ಮಟ್ಟಿಗೆ ಫೋನಿನ ಯಾವ ಆ್ಯಪಿಗಿಂತಲೂ ಇದು ದೊಡ್ಡ ವಿದ್ಯೆ, ಏಕೆಂದರೆ ಇದಕ್ಕೆ ಇನ್ನೊಂದು ಸರಿಯಾದ ಮಟ್ಟ ಬೇಕಾಗಿಲ್ಲ.

ಫೋನಿನಲ್ಲೂ ಹೀಗೆಯೇ. ಕವರು ತೆಗೆಯಿರಿ, ಹಿಂದೆ ಉಂಗುರ ಅಂಟಿಸಿದ್ದರೆ ಅದನ್ನೂ. ಅಂಗಾತ ಮಲಗಿಸಬೇಡಿ, ಏಕೆಂದರೆ ಈಗಿನ ಫೋನುಗಳ ಕ್ಯಾಮೆರಾ ಎರಡು-ಮೂರು ಮಿಲಿಮೀಟರ್ ಉಬ್ಬಿರುತ್ತದೆ, ಅಷ್ಟರಿಂದಲೇ ಒಂದು ಡಿಗ್ರಿ ವಾಲಬಹುದು. ಗುಂಡಿಗಳಿಲ್ಲದ ಉದ್ದ ಅಂಚನ್ನು ಕೆಳಗೆ ಮಾಡಿ, ಗ್ರಾನೈಟ್ ಕಟ್ಟೆಯ ಮೇಲೆ ಒಂದು ದಪ್ಪ ಪುಸ್ತಕಕ್ಕೆ ತಾಗಿಸಿ ನಿಲ್ಲಿಸಿ. ನಿಮ್ಮ ಎದುರಿಗಿರುವ ಪರದೆ ಬಲಕ್ಕೆ 3 ಡಿಗ್ರಿ ಇಳಿದಿದೆ ಎಂದಿತು ಎನ್ನೋಣ. ಈಗ ಫೋನನ್ನು ಅದೇ ಅಂಚಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಅದೇ ಗೆರೆಯ ಮೇಲೆ ನಿಲ್ಲಿಸಿ, ನೀವು ಕಟ್ಟೆಯ ಆಚೆ ಬದಿಗೆ ಹೋಗಿ ಓದಿ. ಅಲ್ಲಿಂದಲೂ ಬಲಕ್ಕೆ 1 ಡಿಗ್ರಿ ಎಂದಿತು. ಎರಡನ್ನೂ ಕೂಡಿ ಅರ್ಧ ಮಾಡಿದರೆ 2 ಡಿಗ್ರಿ, ಇದು ಫೋನಿನ ತಪ್ಪು. ಕಳೆದು ಅರ್ಧ ಮಾಡಿದರೆ 1 ಡಿಗ್ರಿ, ಇದು ಕಟ್ಟೆಯ ಇಳಿಜಾರು. ಎರಡನೆಯ ಸಲ ಎಡಕ್ಕೆ ತೋರಿಸಿದರೆ ಆ ಅಂಕಿಯನ್ನು ಋಣ ಎಂದು ಹಿಡಿಯಿರಿ, ಲೆಕ್ಕ ಅದೇ. ಕೆಳಗೆ ಅರ್ಧ ಮಿಲಿಮೀಟರಿನ ಮರಳಿನ ಕಣ ಸಿಕ್ಕಿದ್ದರೂ ಡಿಗ್ರಿಯ ಹತ್ತರಲ್ಲಿ ಎರಡು ಪಾಲು ಕೆಡುತ್ತದೆ, ಒರೆಸಿ ಇಡಿ.

ಕಟ್ಟೆಯ ಇಳಿಜಾರು ಎಂದದ್ದು ಸುಮ್ಮನೆ ಅಲ್ಲ. ಅಡುಗೆ ಕಟ್ಟೆ, ಬಚ್ಚಲ ನೆಲ, ಅಂಗಳದ ಫರಸಿ ಇವನ್ನೆಲ್ಲ ನೀರು ಹರಿದುಹೋಗಲಿ ಎಂದು ಬೇಕೆಂದೇ ಇಳುಕಲಾಗಿ ಹಾಕಿರುತ್ತಾರೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ, ಮಟ್ಟ ನೋಡುವ ಆ್ಯಪುಗಳಲ್ಲಿ, ‘ಕ್ಯಾಲಿಬ್ರೇಟ್’ ಎಂಬ ಗುಂಡಿ ಇರುತ್ತದೆ. ಇಂಥ ಕಟ್ಟೆಯ ಮೇಲಿಟ್ಟು ಅದನ್ನು ಒತ್ತಿದಿರೋ, ಸರಿಯಿದ್ದ ಫೋನನ್ನು ಕೈಯಾರೆ ಕೆಡಿಸಿದ ಹಾಗೆ. ಆಮೇಲೆ ಊರಲ್ಲಿರುವ ನೆಟ್ಟಗಿನ ಮೇಜೆಲ್ಲ ಸೊಟ್ಟ ಕಾಣುತ್ತದೆ. ಮೊದಲು ತಿರುಗಿಸಿ ನೋಡಿ, ಅಡಿಗೆ ಕಾಗದದ ಮಡಿಕೆ ಕೊಟ್ಟು ನಿಜವಾದ ಮಟ್ಟ ಮಾಡಿಕೊಂಡು, ಆಮೇಲೆ ಗುಂಡಿ ಒತ್ತಬೇಕು.

ಐಫೋನಿನಲ್ಲಿ ಬೇರೊಂದು ಮೋಸ. 2018ರ ಐಒಎಸ್ 12ರಿಂದ ಮಟ್ಟದ ಪರದೆ ‘ಮೆಷರ್’ ಆ್ಯಪಿನಲ್ಲಿದೆ. ಆ ಪರದೆಗೆ ಬೆರಳು ತಾಗಿದರೆ ಆಗ ಇದ್ದ ವಾಲುವಿಕೆಯನ್ನೇ ಸೊನ್ನೆ ಎಂದುಕೊಂಡು ಮುಂದಿನದನ್ನು ಅದಕ್ಕೆ ಹೋಲಿಸಿ ಹೇಳುತ್ತದೆ. ಎರಡು ಕಪಾಟು ಒಂದೇ ಇಳಿಜಾರಿನಲ್ಲಿವೆಯೇ ಎಂದು ನೋಡಲು ಅನುಕೂಲ. ಗೊತ್ತಿಲ್ಲದೆ ತಾಗಿದರೆ ಪೇಚಾಟ. ಇನ್ನೊಮ್ಮೆ ಮುಟ್ಟಿದರೆ ಹೋಗುತ್ತದೆ.

ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ಆಡಿಸುವವರಿಗೆ ಒಂದು ಮಾತು. ಅದು ದಿಕ್ಸೂಚಿಗೆ ಕೊಡುವ ಮದ್ದು, ಮಟ್ಟಕ್ಕಲ್ಲ. ದಿಕ್ಸೂಚಿಯ ಚಿಪ್ಪೇ ಬೇರೆ. ಆಯಸ್ಕಾಂತದ ಮುಚ್ಚಳವಿರುವ ಕವರು, ಸ್ಪೀಕರು, ಗೋಡೆಯೊಳಗಿನ ಸಳಿ ಇವೆಲ್ಲ ಅದನ್ನು ದಿಕ್ಕು ತಪ್ಪಿಸುತ್ತವೆ. ವಾಸ್ತು ನೋಡುವವರು ಫೋನನ್ನು ಕಬ್ಬಿಣದ ಬಾಗಿಲಿಗೆ ಹಿಡಿದು ಈಶಾನ್ಯ ಹುಡುಕುವುದನ್ನು ಕಂಡರೆ ನಗು ಬರುತ್ತದೆ. ಇನ್ನು ಫೋನು ಎಷ್ಟು ವೇಗವಾಗಿ ತಿರುಗಿತು ಎಂದು ಹೇಳುವ ಗೈರೊಸ್ಕೋಪು ಅಗ್ಗದ ಎಷ್ಟೋ ಫೋನುಗಳಲ್ಲಿ ಇರುವುದೇ ಇಲ್ಲ. ಇದ್ದರೂ ನಿಂತ ಫೋನು ನಿಧಾನವಾಗಿ ತಿರುಗುತ್ತಿದೆ ಎಂದು ಭ್ರಮಿಸುವುದು ಅದರ ಜಾತಿಗುಣ. ಅಕ್ಸೆಲೆರೊಮೀಟರನ್ನು ಸಾಕ್ಷಿ ಕೇಳಿ ತಂತ್ರಾಂಶ ಅದನ್ನು ತಿದ್ದುತ್ತಿರುತ್ತದೆ.

ಇಷ್ಟೆಲ್ಲ ತಿದ್ದಿ ಸೊನ್ನೆ ಸರಿಮಾಡಿದ ಮೇಲೂ ಒಂದು ಮಿತಿ ಉಳಿಯುತ್ತದೆ. ಅದನ್ನು ಅರಿಯಲು ಕೃಷ್ಣೆಯ ದಂಡೆಗೆ ಹೋಗಬೇಕು. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದ ಎಷ್ಟೋ ಕಬ್ಬಿನ ಹೊಲಗಳು ನೀರು ಹೆಚ್ಚಾಗಿ ಸವಳು-ಜವಳು ಆಗಿವೆ. ಎರೆ ಮಣ್ಣಿನಲ್ಲಿ ನೀರು ಬಸಿಯದೆ, ಉಪ್ಪು ಮೇಲಕ್ಕೆ ಬಂದು, ಒಣಗಿದಾಗ ನೆಲ ಬೆಳ್ಳಗಾಗುತ್ತದೆ. ಇದಕ್ಕಿರುವ ದಾರಿಗಳಲ್ಲಿ ಒಂದು, ತೂತಿನ ಪೈಪುಗಳನ್ನು ನೆಲದಡಿ ಹೂಳಿ ನೀರನ್ನು ಬಸಿದು ಹಳ್ಳಕ್ಕೆ ಬಿಡುವುದು. ಆ ಪೈಪಿಗೆ ಬೇಕಾದ ಇಳುಕಲು ನೂರು ಅಡಿಗೆ ಎರಡು-ಮೂರು ಇಂಚು. ಡಿಗ್ರಿಯಲ್ಲಿ ಹೇಳಿದರೆ ಒಂದರ ಹತ್ತನೆಯ ಪಾಲು, ಅಥವಾ ತುಸು ಹೆಚ್ಚು.

ಫೋನು ಒಂದು ಡಿಗ್ರಿ ತಪ್ಪಿದರೆ ಅದೇ ನೂರು ಅಡಿಗೆ ಸುಮಾರು 21 ಇಂಚು ತಪ್ಪುತ್ತದೆ. ಬಸಿಯಬೇಕಾದ ನೀರು ಹಿಮ್ಮುಖ ಹರಿದು ಹೊಲದಲ್ಲೇ ನಿಲ್ಲಲು ಇದರ ಹತ್ತರಲ್ಲೊಂದು ಪಾಲು ಸಾಕು. ಹಲವು ಆ್ಯಪುಗಳು ಪೂರ್ಣ ಡಿಗ್ರಿಯನ್ನೇ ತೋರಿಸುತ್ತವೆ. ದಶಮಾಂಶ ತೋರಿಸುವವು ಇವೆಯಾದರೂ ಆರು ಇಂಚಿನ ಫೋನಿನ ಅಂಚು ನೂರು ಅಡಿಯ ಸಂಗತಿ ಹೇಳಲಾರದು; ಅದು ಕೂತ ಆರು ಇಂಚಿನ ಉಬ್ಬು-ತಗ್ಗು ಅಷ್ಟೇ ಅದಕ್ಕೆ ಗೊತ್ತು. ರಾಯಬಾಗದ ಕಡೆ ಬರುವ ಘಟಪ್ರಭಾ ಎಡದಂಡೆ ಕಾಲುವೆಯಂಥ ದೊಡ್ಡ ಕಾಲುವೆಗಳ ಇಳಿಜಾರಂತೂ ಸಾವಿರಾರು ಅಡಿಗೆ ಒಂದು ಅಡಿಯ ಲೆಕ್ಕದ್ದು.

ಗೌಂಡಿಯ ಒಳ್ಳೆಯ ಸ್ಪಿರಿಟ್ ಲೆವೆಲ್ ಮೀಟರಿಗೆ ಅರ್ಧ ಮಿಲಿಮೀಟರಿನ ತನಕ ಹಿಡಿಯುತ್ತದೆ, ಅಂದರೆ ಡಿಗ್ರಿಯ ನೂರರಲ್ಲಿ ಮೂರು ಪಾಲು. ಹೊಲಕ್ಕೆ ಅದೂ ಚಿಕ್ಕದೇ. ಅಲ್ಲಿ ಪಾರದರ್ಶಕ ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ ಎರಡು ತುದಿಯ ಮಟ್ಟ ಹೋಲಿಸುವುದು ಕಡಿಮೆ ಖರ್ಚಿನ ದಾರಿ. ಎಕರೆಗಟ್ಟಲೆ ಕೆಲಸವಿದ್ದರೆ ಡಂಪಿ ಲೆವೆಲ್ಲೋ ಲೇಸರ್ ಲೆವೆಲ್ಲೋ ಇಟ್ಟುಕೊಂಡವರನ್ನು ಕರೆಸಬೇಕು. ಹನಿ ನೀರಾವರಿಯ ಫಿಲ್ಟರ್ ಸ್ಟ್ಯಾಂಡು, ಗೋಡೆಯ ಟಿವಿ, ವಾಷಿಂಗ್ ಮಷೀನು, ಮಾಳಿಗೆ ಮೇಲಿನ ಸೋಲಾರ್ ಫಲಕದ ಕೋನ, ಇಂಥವಕ್ಕೆ ತಿರುಗಿಸಿ ಪರೀಕ್ಷಿಸಿದ ಫೋನು ಸಾಕು.